ಎಡಬದಿಯ ಒಂದೇ ಜಾಗ

ಕಳೆದ ಶ್ರಾವಣಕ್ಕೆ ನನಗೆ ಅರವತ್ತು ತುಂಬಿತು. ಆಫೀಸಿನಲ್ಲಿ ಮಾತ್ರ ಇನ್ನೂ ಐವತ್ತೇಳು. ಅಲ್ಲಿಯ ಕಾಗದಗಳ ಪ್ರಕಾರ ನಾನು ಮೂರು ವರ್ಷ ತಡವಾಗಿ ಹುಟ್ಟಿದ್ದೇನೆ. ಮೊಣಕಾಲುಗಳಿಗೆ ಈ ವಿಷಯವನ್ನು ಯಾರೂ ತಿಳಿಸಿ ಹೇಳದ ಕಾರಣ ಅವು ಮೊದಲಿನಿಂದಲೂ ಖರೇ ಲೆಕ್ಕದಲ್ಲೇ ಸವೆಯುತ್ತ ಬಂದಿವೆ. ಹೋದ ವರ್ಷ ಮೂಳೆ ಡಾಕ್ಟರು ನನ್ನ ಆಫೀಸಿನ ಕಾರ್ಡು ನೋಡಿ, ಎಕ್ಸ್‌ರೇ ನೋಡಿ, ಮತ್ತೆ ಕಾರ್ಡು ನೋಡಿ, ಈ ವಯಸ್ಸಿಗೇ ಇಷ್ಟು ಸವೆದಿದೆಯಲ್ಲ ಎಂದು ಬೇಸರಪಟ್ಟರು. ಫುಟ್‌ಬಾಲ್ ಆಡುತ್ತಿದ್ದೆ ಸಾರ್ ಎಂದೆ. ಅದು ಸುಳ್ಳಲ್ಲ. ಅರ್ಧ ನಿಜ ಹೇಳಿ ಉಳಿದರ್ಧ ನುಂಗುವುದು ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿ ಹೋಗಿತ್ತು.

ಶುರುವಾದದ್ದು ಹೀಗೆ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ರಾಯಚೂರಿನಿಂದ ವರ್ಗವಾಗಿ ಬಂದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಮನೆ ಹಿಡಿದಾಗ ನಾನು ಓದಿನಲ್ಲಿ ಹಿಂದೆ ಬಿದ್ದಿದ್ದೆ. ಒಂದು ವರ್ಷವನ್ನು ಟೈಫಾಯಿಡ್ ತಿಂದಿತ್ತು, ಇನ್ನೊಂದನ್ನು ಗಣಿತ ತಿಂದಿತ್ತು. ಕನ್ನಡ ಶಾಲೆಯಿಂದ ಬಂದವನೆಂದು ಹೊಸ ಶಾಲೆಯವರು ಒಂದು ಕ್ಲಾಸು ಕೆಳಗೇ ಕೂರಿಸುತ್ತೇವೆ ಎಂದರು. ಹೀಗೆ ಸಹಪಾಠಿಗಳಿಗಿಂತ ಮೂರು ವರ್ಷ ದೊಡ್ಡವನಾದೆ. ಆದರೆ ನನ್ನದು ಗಿಡ್ಡ ದೇಹ, ಮೀಸೆಯ ಸುಳಿವೂ ಇಲ್ಲದ ಮುಖ. ನೋಡಿದವರಿಗೆ ಅನುಮಾನ ಬರುವಂತಿರಲಿಲ್ಲ.

ಅಪ್ಪ ಪ್ರವೇಶದ ಅರ್ಜಿ ತುಂಬುತ್ತಿದ್ದಾಗ ನಾನು ಅಂಗಳದಲ್ಲಿ ಬಿದ್ದಿದ್ದ ಚೆಂಡನ್ನು ಒದೆಯುತ್ತಿದ್ದೆ. ಶಾಲೆಯ ಡ್ರಿಲ್ ಮಾಸ್ತರರು ಅದನ್ನು ನೋಡಿದರು. ಅಪ್ಪನ ಹತ್ತಿರ ಬಂದು ತಮ್ಮ ಹೈದರಾಬಾದಿ ಹಿಂದಿಯಲ್ಲಿ, ಕ್ಲಾಸಿನವರ ವಯಸ್ಸನ್ನೇ ಬರೆಸಿಬಿಡಿ ಸಾಬ್, ಹುಡುಗನಿಗೆ ನಾಚಿಕೆಯೂ ಆಗುವುದಿಲ್ಲ, ಚಿಕ್ಕವರ ತಂಡಗಳಲ್ಲಿ ಮೂರು ವರ್ಷ ಹೆಚ್ಚಿಗೆ ಆಡುತ್ತಾನೆ ಎಂದರು. ಆಫೀಸಿನ ಪೆನ್ಸಿಲಿನ ತುಂಡನ್ನೂ ಮನೆಗೆ ತರದ ನನ್ನಪ್ಪ ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು. ಆಮೇಲೆ ಜೂನ್ ಒಂದು ಎಂದು ಬರೆದು, ಮುಂದೆ ನಿಜಕ್ಕಿಂತ ಮೂರು ವರ್ಷ ಈಚಿನ ಇಸವಿ ಬರೆದರು. ಆ ಕಾಲದಲ್ಲಿ ಅರ್ಧ ಕ್ಲಾಸು ಜೂನ್ ಒಂದಕ್ಕೇ ಹುಟ್ಟಿರುತ್ತಿತ್ತು. ಒಬ್ಬ ಹೆಚ್ಚಾದದ್ದು ಯಾರಿಗೂ ಕಾಣಲಿಲ್ಲ.

ಮನೆಗೆ ಬರುವಾಗ ಅಪ್ಪ ಹೇಳಿದ್ದಿಷ್ಟೇ: "ಯಾರ ಮುಂದೂ ಬಾಯಿ ಬಿಡಬ್ಯಾಡ. ಇದರಿಂದ ಯಾರಿಗೂ ಏನೂ ಹಾನಿ ಇಲ್ಲ."

ನಾನು ನಂಬಿದೆ. ಅವರೂ ನಂಬಿದ್ದರೆಂದೇ ನನ್ನ ಎಣಿಕೆ.

ಅದೇ ಗಲ್ಲಿಯಲ್ಲಿ ಎರಡು ಮನೆ ಆಚೆಗೆ ನನ್ನ ಗೆಳೆಯನ ಮನೆ. ಅವರೂ ಕಲಬುರಗಿ ಕಡೆಯವರು. ಅವನ ಅಪ್ಪ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರು. ಗಲ್ಲಿಯಲ್ಲಿ ಕನ್ನಡದ ಮನೆಗಳು ಎರಡೇ ಆದ್ದರಿಂದ ನಾವಿಬ್ಬರೂ ಜೋಡಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ಕ್ಲಾಸು, ಒಂದೇ ಬೆಂಚು, ಇಬ್ಬರದೂ ಎಡಗಾಲು. ತಂಡದಲ್ಲಿ ಇಬ್ಬರೂ ಆಡುತ್ತಿದ್ದದ್ದು ಎಡಬದಿಯ ಅಂಚಿನಲ್ಲೇ, ಗೆರೆ ಹಿಡಿದು ಓಡಿ ಚೆಂಡನ್ನು ನಡುವಿಗೆ ಹಾಕುವ ಜಾಗದಲ್ಲಿ. ಅವನು ನನ್ನನ್ನು ಲೇ ಎನ್ನುತ್ತಿದ್ದ, ನಾನು ಅವನನ್ನು ಮಗನೇ ಎನ್ನುತ್ತಿದ್ದೆ. ಎರಡೂ ಮನೆಯವರು ನಮ್ಮನ್ನು ವಾರಿಗೆಯವರು ಎನ್ನುತ್ತಿದ್ದರು, ಅಂದರೆ ಒಂದೇ ವಯಸ್ಸಿನವರು.

ಹದಿನಾರರೊಳಗಿನವರ ರಾಜ್ಯ ತಂಡಕ್ಕೆ ಆಯ್ಕೆ ನಡೆದಾಗ ಕಾಗದದ ಮೇಲೆ ಇಬ್ಬರಿಗೂ ಹದಿನೈದು. ಅವನಿಗೆ ಖರೇ ಹದಿನೈದು, ನನಗೆ ಹದಿನೆಂಟು. ಎಡಬದಿಗೆ ಬೇಕಾದದ್ದು ಒಬ್ಬನೇ. ತಮಾಷೆ ಏನೆಂದರೆ ಆ ದಿನ ಅನುಮಾನ ಬಂದದ್ದು ಅವನ ಮೇಲೆ. ಆಗಲೇ ನನಗಿಂತ ಒಂದು ಗೇಣು ಎತ್ತರ, ಮೂಗಿನ ಕೆಳಗೆ ಕಪ್ಪು ಗೆರೆ. ಆಯ್ಕೆಗಾರರು ಅವನ ಬಾಯಿ ತೆರೆಸಿ ಎತ್ತಿನ ಹಲ್ಲು ಎಣಿಸುವ ಹಾಗೆ ಎಣಿಸಿದರು, ಸರ್ಟಿಫಿಕೇಟು ಎರಡು ಸಲ ಕೇಳಿದರು. ಅವನು ಕಿವಿ ಕೆಂಪಗಾಗಿ ನಿಂತಿದ್ದ. ನನ್ನ ಹಾಳೆಯನ್ನು ಯಾರೂ ತಿರುವಿ ನೋಡಲಿಲ್ಲ. ಪುಟ್ಟ ಹುಡುಗ, ಎಷ್ಟು ಚುರುಕಾಗಿದ್ದಾನೆ ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು.

ಮೈದಾನದಲ್ಲಿ ನಾನು ಅವನನ್ನು ಮೂರು ಸಲ ಹಿಂದೆ ಹಾಕಿದೆ. ಹದಿನೆಂಟರ ಕಾಲು ಹದಿನೈದರ ಕಾಲನ್ನು ಹಿಂದೆ ಹಾಕುವುದರಲ್ಲಿ ದೊಡ್ಡಸ್ತಿಕೆ ಏನಿದೆ? ಆದರೆ ಅವತ್ತು ನನಗೆ ಹಾಗನ್ನಿಸಲಿಲ್ಲ. ನಾನು ಚೆನ್ನಾಗಿ ಆಡಿದೆ ಎಂದೇ ಅನ್ನಿಸಿತು. ನನ್ನ ಹೆಸರು ಓದಿದಾಗ ಅವನು ಓಡಿ ಬಂದು ನನ್ನನ್ನು ಎತ್ತಿ ತಿರುಗಿಸಿದ. ಆ ಆಯ್ಕೆಗೆಂದೇ ಅವನ ಅಪ್ಪ ಕೊಡಿಸಿದ್ದ ಹೊಸ ಬೂಟನ್ನು ಬಿಚ್ಚಿ ಕೊಟ್ಟು, "ನಿನ್ನ ಬೂಟು ಹರದೈತಿ, ಇದನ್ನ ಹಾಕ್ಕೊಂಡು ಹೋಗಲೇ" ಎಂದ. ಬೂಟು ನನಗೆ ದೊಡ್ಡದಾಯಿತು. ತುದಿಗೆ ಹತ್ತಿ ತುರುಕಿಕೊಂಡು ಆ ವರ್ಷ ಪೂರ್ತಿ ಅದರಲ್ಲೇ ಆಡಿದೆ.

ಆ ಒಂದು ಆಯ್ಕೆಯಿಂದ ಮುಂದಿನದೆಲ್ಲ ಬಂತು. ರಾಜ್ಯ ತಂಡದಲ್ಲಿ ಆಡಿದ್ದಕ್ಕೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಆಫೀಸಿನ ನೌಕರಿ, ಆಫೀಸಿನ ತಂಡದಲ್ಲಿ ಹನ್ನೆರಡು ವರ್ಷ ಆಟ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ನೇರ ಮೈದಾನಕ್ಕೆ ಹೋಗುವ ಜನ ನಾವು. ಸಂಬಳ ಆಫೀಸಿನದು, ಕೆಲಸ ಚೆಂಡಿನದು. ಆಫೀಸಿನವರು ನಮ್ಮನ್ನು ಆಡೋ ಮಕ್ಕಳು ಎನ್ನುತ್ತಿದ್ದರು.

ಕೊನೆಕೊನೆಗೆ ಆ ಸುಳ್ಳು ನನ್ನ ಮೇಲೇ ತಿರುಗಿಬಿತ್ತು. ಮೂವತ್ತನಾಲ್ಕು ದಾಟಿ ಕಾಲು ಸೋತಾಗ ಕಾಗದ ಮೂವತ್ತೊಂದು ಎನ್ನುತ್ತಿತ್ತು. ಕೋಚು ಎಲ್ಲರೆದುರು ಬೆವರಿಳಿಸಿದರು: ಈ ವಯಸ್ಸಿಗೆ ಇಷ್ಟು ನಿಧಾನವೇ? ಸೋಮಾರಿ, ಸಂಬಳಕ್ಕೆ ಕೊಬ್ಬಿದವನು. ಸಾರ್ ನನಗೆ ವಯಸ್ಸಾಗಿದೆ ಎಂದು ಹೇಳಲು ಬಾಯಿ ಎಲ್ಲಿತ್ತು? ಸೋಮಾರಿ ಎಂಬ ಹೆಸರು ಹೊತ್ತುಕೊಂಡೇ ಆಟ ಮುಗಿಸಿದೆ. ಬೇರೆ ಆಟಗಾರರನ್ನು ಹಾರ ಹಾಕಿ ಕಳಿಸುತ್ತಾರೆ. ನನಗೆ ಒಂದು ಮೆಮೊ ಕೊಟ್ಟು ಟಪಾಲು ಸೆಕ್ಷನ್ನಿಗೆ ಹೋಗಿ ಕೂರು ಎಂದರು.

ಅಲ್ಲಿ ನನಗೆ ಏನೂ ಬರುತ್ತಿರಲಿಲ್ಲ. ನನ್ನ ಜೊತೆ ಸೇರಿದವರು ಪರೀಕ್ಷೆ ಕಟ್ಟಿ ಮೇಲೆ ಹೋಗಿದ್ದರು. ನಾನು ಲಕೋಟೆಗೆ ಗೋಂದು ಹಚ್ಚುವುದನ್ನು ಕಲಿಯುತ್ತಿದ್ದೆ. ಕೋಚ್ ಆಗುವ ಕೋರ್ಸಿಗೆ ಕಳಿಸುತ್ತೇವೆ, ಹೋಗುತ್ತೀಯಾ ಎಂದು ಎರಡು ಸಲ ಕೇಳಿದರು. ನನಗೆ ಆಸೆ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೆ ಅರ್ಜಿಯ ಜೊತೆ ಶಾಲೆಯ ದಾಖಲೆ, ರಾಯಚೂರಿನ ಜನನ ಪತ್ರ ಎಲ್ಲ ಕೇಳಿದ್ದರು. ಕಾಗದಗಳು ಇನ್ನೊಮ್ಮೆ ಯಾರದಾದರೂ ಮೇಜಿನ ಮೇಲೆ ಬರುವ ಕಡೆಗೆ ನಾನು ಹೋಗುವಂತಿರಲಿಲ್ಲ. ವಯಸ್ಸು ಸುಳ್ಳು ಎಂದು ಗೊತ್ತಾದರೆ ನೌಕರಿ ಹೋಗುತ್ತದೆ, ಪಿಂಚಣಿ ಹೋಗುತ್ತದೆ. ಆಸಕ್ತಿ ಇಲ್ಲ ಸಾರ್ ಎಂದೆ. ಸೋಮಾರಿ ಎಂಬ ಹೆಸರು ಇನ್ನಷ್ಟು ಗಟ್ಟಿಯಾಯಿತು.

ಗೆಳೆಯನಿಗೆ ನೌಕರಿ ಸಿಗಲಿಲ್ಲ. ಉಪ್ಪಲ್ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ ಡ್ರಿಲ್ ಸರ್ ಆದ. ಆ ಶಾಲೆಯ ಮೈದಾನದಲ್ಲಿ ಅವನು ಇಪ್ಪತ್ತು ವರ್ಷ ಸುಣ್ಣದ ಗೆರೆ ಎಳೆದ. ಆಮೇಲೆ ಶಾಲೆಯವರು ಅಲ್ಲಿ ಹೊಸ ಕಟ್ಟಡ ಎಬ್ಬಿಸಿದರು. ಈಗ ಅವನ ಕೆಲಸ ಸಂಜೆ ಬಸ್ಸು ಹತ್ತುವ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ಪಿಂಚಣಿ ಗಿಂಚಣಿ ಇಲ್ಲ. ಇಷ್ಟಾದರೂ ಭಾನುವಾರ ಬಂದರೆ ಮಕ್ಕಳ ಪಂದ್ಯಗಳು ನಡೆಯುವ ಕಡೆ ಹೋಗಿ ಒಂದು ಕೆಲಸ ಪುಕ್ಕಟೆ ಮಾಡುತ್ತಾನೆ: ಹುಡುಗರ ವಯಸ್ಸಿನ ಕಾಗದ ಪರೀಕ್ಷಿಸುವುದು. ಹಲ್ಲು ಎಣಿಸಿಕೊಂಡ ಆ ದಿನದ ಅವಮಾನ ಅವನಿಗೆ ಮರೆತಿರಲಿಲ್ಲ. ಅದಕ್ಕೇ ಯಾರ ಬಾಯನ್ನೂ ತೆರೆಸದೆ, ಕಾಗದ ನೋಡಿ, ಎರಡು ಮಾತಾಡಿಸಿ ಕಂಡುಹಿಡಿಯುತ್ತಿದ್ದ.

"ಬಾರಲೇ ನೀನೂ," ಎಂದು ಕರೆಯುತ್ತಿದ್ದ. "ಮೇಜು ಒಂದು, ಕುರ್ಚಿ ಒಂದ ಐತಿ. ನೀ ಬರ್ತೀನಿ ಅಂದ್ರ ಇನ್ನೊಂದು ಕುರ್ಚಿ ತರಸ್ತೀನಿ. ಚಾ, ಸಮೋಸಾ ಕೊಡತಾರ."

"ನನಗ್ಯಾಕ ಆ ಉಸಾಬರಿ?" ಎನ್ನುತ್ತಿದ್ದೆ.

"ಉಸಾಬರಿ ಅಲ್ಲಲೇ. ಸುಳ್ಳು ವಯಸ್ಸಿನಂವ ಒಳಗ ಹೋದ್ರ ಖರೇ ವಯಸ್ಸಿನ ಹುಡುಗ ಒಬ್ಬ ಹೊರಗ ಕೂಡತಾನ. ಅಂವಂದು ಯಾರು ಕೇಳಬೇಕು?"

ನಾನು ಆ ಹೊತ್ತಿಗೆ ಚಹಾದ ಲೋಟದೊಳಗೆ ನೋಡುತ್ತಿದ್ದೆ. ಎಷ್ಟು ಸಲ ಹೇಳಿಬಿಡಬೇಕೆಂದುಕೊಂಡೆನೋ! ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಗುತ್ತಿತ್ತು.

ಹೀಗಿರುವಾಗ ಅರವತ್ತರ ಶಾಂತಿಯ ಮಾತು ಬಂತು. ನಮ್ಮ ಕಡೆ ಗಂಡಸಿಗೆ ಅರವತ್ತು ತುಂಬಿದರೆ ಹೋಮ ಮಾಡಿಸಿ, ಗಂಡ ಹೆಂಡಿರನ್ನು ಜೋಡಿಯಾಗಿ ಕೂರಿಸಿ ಕಲಶದ ನೀರು ಹಾಕಿ, ಇನ್ನೊಮ್ಮೆ ತಾಳಿ ಕಟ್ಟಿಸುತ್ತಾರೆ. ನನ್ನ ಹೆಂಡತಿ ಇದನ್ನು ಹಟ ಹಿಡಿದು ಕೂತಳು. ಅವಳಿಗೆ ವಯಸ್ಸಿನ ಸುಳ್ಳು ಗೊತ್ತು. ಮದುವೆಗೆ ಜಾತಕ ಕೊಟ್ಟಾಗಲೇ ಗೊತ್ತಾಗಿತ್ತು.

"ನೀವು ಆಫೀಸಿಗೆ ಎಷ್ಟರ ಸುಳ್ಳು ಹೇಳ್ರಿ, ದೇವರಿಗೆ ಹೇಳಾಕ ಆಗತೈತೇನ್ರಿ?" ಎಂದಳು. "ಆಫೀಸಿನವ್ರನ್ನ ಕರೆಯೋದು ಬ್ಯಾಡ. ಕಾರ್ಡು ಹಾಕಸೋದು ಬ್ಯಾಡ. ಮನಿಯವ್ರು ಹತ್ತು ಮಂದಿ ಸಾಕು."

ಒಪ್ಪಿದೆ. ಪಕ್ಕದ ಮನೆಯವರಿಗೆ ಸತ್ಯನಾರಾಯಣ ಪೂಜೆ ಎಂದು ಹೇಳಿದೆವು. ಅಲ್ಲಿಗೂ ಸುಳ್ಳೇ, ಅದೂ ಸತ್ಯನಾರಾಯಣನ ಹೆಸರಿನಲ್ಲಿ.

ಭಾನುವಾರ ಬೆಳಿಗ್ಗೆ ಹೋಮಕ್ಕೆ ಕೂತಿದ್ದೆವು. ಮೊಣಕಾಲು ಮಡಚಲಾಗದೆ ನನ್ನನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿದ್ದರು. ಆಗ ಬಾಗಿಲಲ್ಲಿ ಗೆಳೆಯ ಬಂದು ನಿಂತ. ಒಗೆದ ಬಿಳಿ ಅಂಗಿ, ಕೈಯಲ್ಲಿ ಸೀರೆ ಅಂಗಡಿಯ ಚೀಲ. ಅವನನ್ನು ನಾನು ಕರೆದಿರಲಿಲ್ಲ. ಹೆಂಡತಿಯ ಕಡೆ ನೋಡಿದೆ.

"ನಾನ ಕರದೀನ್ರಿ," ಎಂದು ಮೆಲ್ಲಗೆ ಹೇಳಿದಳು. "ಪೂಜಿ ಐತಿ ಬಾರಪ್ಪ ಅಂತ ಅಷ್ಟ ಹೇಳೀನಿ. ತವರಿನ ಕಡಿಂದ ಸೀರಿ ತರಾಕ ನನಗ ಯಾರದಾರ? ಅಣ್ಣಾ ಆಫೀಸಿನಂವ ಅಲ್ಲಲ್ಲ."

ಅವಳಿಗೆ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ನಮ್ಮ ಮದುವೆಯಾದಾಗಿನಿಂದ ಪ್ರತಿ ದೀಪಾವಳಿಗೆ ಅವಳು ಆರತಿ ಎತ್ತುವುದು ಅವನಿಗೇ. ಅವಳದೇನೂ ತಪ್ಪಿಲ್ಲ. ವಯಸ್ಸಿನ ಸುಳ್ಳನ್ನು ಅವಳಿಗೆ ಹೇಳಿದ್ದೆ, ಅದರಿಂದ ಯಾರ ಜಾಗ ಹೋಯಿತು ಎನ್ನುವುದನ್ನು ಹೇಳಿರಲಿಲ್ಲ. ಅರ್ಧ ನಿಜ ಹೇಳುವ ನನ್ನ ಅಭ್ಯಾಸ ಮನೆಯವರನ್ನೂ ಬಿಟ್ಟಿರಲಿಲ್ಲ.

ಗೆಳೆಯ ಒಳಗೆ ಬಂದು ನನ್ನ ಸ್ಟೂಲನ್ನು ನೋಡಿ ನಕ್ಕ. ಹೋಮ ಮಾಡಿಸುತ್ತಿದ್ದ ಸ್ವಾಮಿಗಳು ಸಂಕಲ್ಪ ಹೇಳಿಸಿ, ಅರವತ್ತು ಸಂವತ್ಸರ ತುಂಬಿದ ಯಜಮಾನರು ಕೈ ಮುಂದೆ ಮಾಡಬೇಕು ಎಂದರು.

"ತಪ್ಪಿತ್ರಿ ಸ್ವಾಮೇರ," ಎಂದು ಗೆಳೆಯ ಖುಷಿಯಿಂದ ನಡುವೆ ಬಾಯಿ ಹಾಕಿದ. "ಇವಂಗ ಐವತ್ತೇಳ್ರಿ. ನನ್ನ ವಾರಿಗಿಯಂವ. ತಲಿ ಬಿಳಿ ಆಗೈತಿ ಅಂತ ನೀವು ಮೂರು ವರ್ಷ ಏರಿಸಿಬಿಟ್ರಲ್ಲ!"

ಸ್ವಾಮಿಗಳು ಗಲಿಬಿಲಿಯಾಗಿ ಜಾತಕದ ಹಾಳೆ ನೋಡಿದರು. ನನ್ನ ಅಕ್ಕ ರಾಯಚೂರಿನಿಂದ ಬಂದಿದ್ದಳು. ಎಪ್ಪತ್ತು ದಾಟಿದವಳು, ಅಡುಗೆ ಮನೆಯ ಬಾಗಿಲಲ್ಲಿ ಕೂತು ಹೂವು ಬಿಡಿಸುತ್ತಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು.

"ಅರವತ್ತ ಖರೇ ಐತಪಾ. ಇಂವ ಹುಟ್ಟಿದಾಗ ನಾ ಹತ್ತು ವರ್ಷದಾಕಿ. ಟೊಂಕದ ಮ್ಯಾಲ ಹೊತ್ತು ತಿರಗೀನಿ, ನನಗ ಗೊತ್ತಿಲ್ಲೇನು? ಸಾಲ್ಯಾಗ ಅಪ್ಪ ಮೂರು ವರ್ಷ ಕಮ್ಮಿ ಬರಿಸಿದ್ದ, ಆಟ ಆಡಲಿ ಅಂತ."

ಗೆಳೆಯನ ಮುಖದಲ್ಲಿ ನಗು ಇನ್ನೂ ಇತ್ತು. ಅದು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ನನ್ನ ಕಡೆ ನೋಡಿದ. ನಾನು ಹೋಮದ ಬೆಂಕಿಯ ಕಡೆ ನೋಡಿದೆ. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅದೊಂದು ಪುಣ್ಯ. ಸ್ವಾಮಿಗಳು ಮಂತ್ರ ಮುಂದುವರಿಸಿದರು.

ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹೋಗಲಿಲ್ಲ. ತವರಿನವರು ಕೊಡುವ ಹೊತ್ತಿಗೆ ಸೀರೆ ಧೋತರ ತಟ್ಟೆಯಲ್ಲಿಟ್ಟು ಕೊಟ್ಟ. ಕಲಶದ ನೀರು ಹಾಕುವಾಗ ಒಂದು ಕೊಡ ಅವನೂ ಹಿಡಿದ. ತಾಳಿ ಕಟ್ಟುವಾಗ ಅಕ್ಷತೆ ಹಾಕಿದ.

ಎಲ್ಲ ಮುಗಿದ ಮೇಲೆ ಅಕ್ಕ, ಸಣ್ಣವರೆಲ್ಲ ಬಂದು ನಮಸ್ಕಾರ ಮಾಡ್ರಿ ಎಂದಳು. ಮಗಳು, ಅಳಿಯ, ಅಕ್ಕನ ಮಕ್ಕಳು ಒಬ್ಬೊಬ್ಬರಾಗಿ ಕಾಲಿಗೆ ಬಿದ್ದು ಹೋದರು. ಕೊನೆಗೆ ಗೋಡೆಯ ಪಕ್ಕದಿಂದ ಗೆಳೆಯ ಎದ್ದು ಬಂದ. ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಸುತ್ತಿಕೊಂಡ. ನನಗೆ ಅರ್ಥವಾಗುವುದರೊಳಗೆ ಬಗ್ಗಿ, ಹಣೆ ನೆಲಕ್ಕೆ ಮುಟ್ಟಿಸಿ, ಎರಡು ಕೈಯಿಂದ ನನ್ನ ಪಾದ ಹಿಡಿದ. ಅವನ ಬೂಟು ಹಾಕಿಕೊಂಡು ಓಡಿದ ಪಾದಗಳು ಅವು.

"ಲೇ, ಏಳಲೇ! ಏನಿದು?" ಎಂದೆ. ಎಬ್ಬಿಸಬೇಕೆಂದರೆ ಮೊಣಕಾಲು ಬಗ್ಗಲೊಲ್ಲದು. ಸ್ಟೂಲಿನ ಮೇಲೆ ಕೈಚೆಲ್ಲಿ ಕೂತಿದ್ದೆ.

"ಹಿರ್ಯಾರಿದ್ದೀರಿ," ಎಂದ. "ಆಶೀರ್ವಾದ ಮಾಡ್ರಿ."

ಅದರಲ್ಲಿ ವ್ಯಂಗ್ಯವಿದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕ ಹಾಗಾಗುತ್ತಿತ್ತು. ಇರಲಿಲ್ಲ. ನನಗಿಂತ ಸಣ್ಣವನೆಂದು ಆಗಷ್ಟೇ ಗೊತ್ತಾದವನು ಸಣ್ಣವರು ಮಾಡುವುದನ್ನು ಮಾಡಿದ್ದ, ಅಷ್ಟೇ. ನೂರು ವರ್ಷ ಬಾಳು ಎನ್ನಬೇಕಿತ್ತು. ಹೆಂಡತಿಯೇ ಇಬ್ಬರ ಪರವಾಗಿ ಅಕ್ಷತೆ ಹಾಕಿದಳು.

ಊಟ ಮಾಡು ಎಂದರೆ ಒಂದು ಹೋಳಿಗೆ ತಿಂದು ಎದ್ದ. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋದೆ. ಅವನು ಚಪ್ಪಲಿ ಮೆಟ್ಟುತ್ತ, "ಆಫೀಸಿನ್ಯಾಗ ಯಾರಿಗೂ ಗೊತ್ತಾಗಂಗಿಲ್ರಿ. ಕಾಳಜಿ ಮಾಡಬ್ಯಾಡ್ರಿ" ಎಂದ.

ಹೇಳಲು ನಾಚಿಕೆಯಾಗುತ್ತದೆ. ಆ ಮಾತು ಕೇಳಿ ನನಗೆ ಮೊದಲು ಆದದ್ದು ನೆಮ್ಮದಿ.

"ಅವತ್ತು ಎಷ್ಟಿತ್ರಿ ನಿಮಗ?" ಎಂದು ಕೇಳಿದ.

"ಹದಿನೆಂಟು."

ತಲೆಯಾಡಿಸಿದ. "ನಮ್ಮಪ್ಪ ಸಾಯೋತನಕ ಅಂತಿದ್ದ. ನಿನ್ನ ವಾರಿಗಿ ಹುಡುಗ ಅಂವ, ಅಂವಗ ಆತು, ನಿನಗ ಯಾಕ ಆಗಲಿಲ್ಲ ಅಂತ. ನಾನೂ ಹಂಗ ತಿಳಕೊಂಡಿದ್ದೆ, ನನ್ನ ಕಾಲಾಗ ಅಷ್ಟ ದಮ್ಮು ಇಲ್ಲ ಅಂತ." ಚೀಲ ಮಡಚಿ ಜೇಬಿಗೆ ತುರುಕಿದ. "ಅಪ್ಪಗ ಒಂದ್ಸಲ ಹೇಳಬೇಕಿತ್ತು."

ಯಾರು ಹೇಳಬೇಕಿತ್ತು ಎಂದು ಅವನು ಹೇಳಲಿಲ್ಲ. ಅವನ ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಎಂಟು ವರ್ಷವಾಯಿತು.

ಯಾರಿಗೂ ಏನೂ ಹಾನಿ ಇಲ್ಲ ಎಂದಿದ್ದರು ನನ್ನಪ್ಪ. ಅವರನ್ನು ಬೈಯಬೇಕೆಂದರೆ ಅವರೂ ಇಲ್ಲ, ಆ ಡ್ರಿಲ್ ಮಾಸ್ತರರೂ ಇಲ್ಲ. ಆಫೀಸಿಗೆ ಹೋಗಿ ನಿಜ ಹೇಳಿಬಿಡಲೇ ಎಂದು ಆ ವಾರವೆಲ್ಲ ಯೋಚಿಸಿದೆ. ಹೇಳಿದರೆ ಪಿಂಚಣಿ ಹೋಗಿ ಹೆಂಡತಿ ಬೀದಿಗೆ ಬರುತ್ತಾಳೆ. ಅವನಿಗೆ ಅವನ ಹದಿನೈದನೆಯ ವರ್ಷವೇನೂ ವಾಪಸು ಸಿಗುವುದಿಲ್ಲ. ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇದೂ ಅರ್ಧ ನಿಜವೇ. ಉಳಿದರ್ಧ ಏನೆಂದರೆ ನನಗೆ ಧೈರ್ಯವಿಲ್ಲ.

ಫೋನು ಮಾಡಿದೆ. ಮೊದಲೆಲ್ಲ ಏನಲೇ ಎಂದು ಎತ್ತುತ್ತಿದ್ದವನು ಹೇಳ್ರಿ ಎಂದ.

ಮುಂದಿನ ಭಾನುವಾರ ಔಷಧಿ ತರುತ್ತೇನೆಂದು ಹೆಂಡತಿಗೆ ಹೇಳಿ ಆಟೋ ಹತ್ತಿ, ಬಾಲಾನಗರದ ಕಡೆ ಮಕ್ಕಳ ಪಂದ್ಯ ನಡೆಯುವ ಮೈದಾನಕ್ಕೆ ಹೋದೆ. ಕಾಲು ಹಿಡಿದು ತಪ್ಪಾಯಿತು ಎನ್ನಬೇಕು, ಬೈಸಿಕೊಳ್ಳಬೇಕು, ಎರಡು ಏಟು ಕೊಟ್ಟರೂ ಸರಿ ಎಂದುಕೊಂಡು ಹೋದೆ. ಗೇಟಿನಿಂದ ಆಚೆ ತುದಿಯ ಬೇವಿನ ಮರದವರೆಗೆ ಮೈದಾನ ದಾಟುವಷ್ಟರಲ್ಲಿ ಎರಡು ಸಲ ನಿಂತು ಮೊಣಕಾಲು ಹಿಡಿದುಕೊಂಡೆ. ಮರದ ಕೆಳಗೆ ಅವನು ಹೇಳುತ್ತಿದ್ದ ಅದೇ ಒಂದು ಮೇಜು, ಒಂದು ಕುರ್ಚಿ. ಅವನು ಕನ್ನಡಕ ಹಾಕಿಕೊಂಡು ಕಾಗದ ನೋಡುತ್ತಿದ್ದ. ಎದುರಿಗೆ ಬೂಟು ಹಾಕಿದ ಹುಡುಗರ ಸಾಲು.

ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಹಿರಿಯರು ಬಂದಾಗ ಏಳುವ ಹಾಗೆ. ಕುರ್ಚಿಯನ್ನು ನನ್ನ ಕಡೆ ಸರಿಸಿದ.

"ಕೂಡ್ರಿ."

"ಬ್ಯಾಡಲೇ. ಅದು ನಿನ್ನ ಜಾಗ. ನಾ ಬ್ಯಾರೇನ ಮಾತಾಡಾಕ ಬಂದೀನಿ."

"ಇರಲಿ ಕೂಡ್ರಿ. ನಿಮಗ ಕಾಲು ನೋವು."

ನಿಲ್ಲಬೇಕೆಂದು ಮೇಜು ಹಿಡಿದುಕೊಂಡು ನೋಡಿದೆ. ಆಗಲಿಲ್ಲ. ಕುರ್ಚಿಯಲ್ಲಿ ಕೂತೆ. ಸಾಲಿನಲ್ಲಿದ್ದ ಮೊದಲ ಹುಡುಗ ತನ್ನ ಜನನ ಪತ್ರವನ್ನು ನನ್ನ ಮುಂದೆ ಇಟ್ಟ. ಗೆಳೆಯ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದ, ಸರಿ ಇದೆ ಎಂದ, ಮುಂದಿನವನನ್ನು ಕರೆದ. ತಪ್ಪಾಯಿತು ಎನ್ನಲು ಬಂದವನು ಹುಡುಗರ ಕಾಗದಗಳನ್ನು ಒಂದೊಂದಾಗಿ ಅವನ ಕಡೆ ಸರಿಸುತ್ತ ಹೋದೆ. ಮರದ ನೆರಳು ಮೇಜು ಬಿಟ್ಟು ಆಚೆ ಸರಿಯಿತು. ಪಂದ್ಯ ಶುರುವಾಗುವವರೆಗೆ ನಾನು ಕೂತೇ ಇದ್ದೆ, ಅವನು ಪಕ್ಕದಲ್ಲಿ ನಿಂತೇ ಇದ್ದ.